ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ, ಜೋಗದ ಪಕ್ಕದ ಕಾಡಿನಲ್ಲಿದೆ ಈ ಅಪರೂಪದ ಜೀವಿ

ಶಿವಮೊಗ್ಗ : ನೀರಲ್ಲೂ ನೆಲದ ಮೇಲೂ ಬದುಕುವ, ಬಾಲ ಇರುವ ಸಾಲಮಾಂಡರ್ ನಮ್ಮ ಮಲೆನಾಡಿನಲ್ಲಿಲ್ಲ. ಭಾರತದಲ್ಲಿ ಅದನ್ನು ನೋಡಬೇಕೆಂದರೆ ಡಾರ್ಜಿಲಿಂಗ್, ಈಶಾನ್ಯ ರಾಜ್ಯಗಳ ಕಡೆ ಹೋಗಬೇಕು. ಆದರೆ ಅದರ ದೂರದ ನೆಂಟನೊಬ್ಬ ಜೋಗದ ಪಕ್ಕದಲ್ಲೇ ಇದ್ದಾನೆ. ಅದೇ ಕುಂಬಾರ ಕಪ್ಪೆ.

ಹೆಸರು ಬಂದಿದ್ದು ಹೇಗೆ?

ವಿಜ್ಞಾನಿಗಳಾದ ಕೆ.ವಿ.ಗುರುರಾಜ, ಕೆ.ಪಿ.ದಿನೇಶ್, ಎಚ್.ಪ್ರೀತಿ ಮತ್ತು ಜಿ.ರವಿಕಾಂತ್ 2014ರಲ್ಲಿ ಇದನ್ನು ಹೊಸ ಪ್ರಭೇದ ಎಂದು ಜಗತ್ತಿಗೆ ಪರಿಚಯಿಸಿದರು. ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಕಸ್ ಕುಂಬಾರ. ಹೆಸರಿನಲ್ಲೇ ಕನ್ನಡವಿದೆ. ಇದು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಇರುಳುಗಪ್ಪೆಗಳ ಕುಲಕ್ಕೆ ಸೇರಿದೆ.

ಅಪ್ಪನೇ ಕುಂಬಾರ

ಮಳೆಗಾಲದ ರಾತ್ರಿ ನೀರಿನ ಮೇಲಿರುವ ಕಡ್ಡಿ, ಕಲ್ಲು, ಮರದ ತೊಗಟೆಗೆ ಮೊಟ್ಟೆಗಳು ಅಂಟಿಕೊಳ್ಳುತ್ತವೆ. ಆಮೇಲೆ ಗಂಡು ಕಪ್ಪೆ ಹಳ್ಳದ ತಳದಿಂದ ಮುಂಗಾಲಲ್ಲಿ ಮಣ್ಣು ಬಾಚಿ ತಂದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಬೇರೆ ಜೀವಿಗಳ ಕಣ್ಣಿಗೆ ಬೀಳದಿರಲಿ ಅಂತ ಈ ವ್ಯವಸ್ಥೆ ಇರಬಹುದು ಎನ್ನುತ್ತಾರೆ ಸಂಶೋಧಕರು. ಮೊಟ್ಟೆಯೊಡೆದ ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ.

ಎಲ್ಲಿದೆ?

ಸಾಗರ ತಾಲೂಕಿನ ಗಡಿಗೆ ಹೊಂದಿಕೊಂಡಿರುವ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇದರ ಪ್ರಮುಖ ನೆಲೆ. ಇಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಂದರೆ ವರ್ಷವಿಡೀ ತೇವ ಆರದ, ಬೇರುಗಳು ಮಂಡಿಯಂತೆ ನೆಲದಿಂದ ಮೇಲೆದ್ದಿರುವ ಮರಗಳ ಕಾಡು. ತಿಳಿನೀರು, ಮೆತ್ತನೆಯ ಮಣ್ಣು, ದಟ್ಟ ನೆರಳು ಈ ಮೂರೂ ಒಟ್ಟಿಗಿದ್ದರೆ ಮಾತ್ರ ಕುಂಬಾರನ ಕೆಲಸ ಸಾಗುತ್ತದೆ.

ಆತಂಕ ಏನು?

ಹಳ್ಳಕ್ಕೆ ಪಂಪ್ ಇಟ್ಟು ನೀರೆತ್ತಿದರೆ, ಮೇಲಿನ ಮರ ಕಡಿದರೆ ಜಡ್ಡಿ ಒಣಗುತ್ತದೆ. ಕಪ್ಪೆಗೆ ಎದ್ದು ಬೇರೆ ಊರಿಗೆ ಹೋಗಲು ಆಗಲ್ಲ. ಇದೇ ಶರಾವತಿ ಕಣಿವೆಯಲ್ಲಿ ತಳಕಳಲೆ, ಗೇರುಸೊಪ್ಪ ಜಲಾಶಯಗಳ ಮಧ್ಯೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಡೆದಿದೆ. ವಿದ್ಯುತ್, ಸಿಂಗಳೀಕದ ಜೊತೆ ಈ ಸಣ್ಣ ಹಳ್ಳಗಳ ಲೆಕ್ಕವೂ ಆ ಚರ್ಚೆಯಲ್ಲಿ ಬರಬೇಕು.

ಪ್ರವಾಸಿಗರು ಗಮನಿಸಿ

ಶಿವಮೊಗ್ಗ, ಭದ್ರಾವತಿಯಿಂದ ಮಳೆಗಾಲದಲ್ಲಿ ಜೋಗಕ್ಕೆ ಹೋಗುವವರು ಕಾಡಿನ ಹಳ್ಳಗಳಿಗೆ ಇಳಿಯಬೇಡಿ. ಕಡ್ಡಿ, ಕಲ್ಲಿಗೆ ಮೆತ್ತಿದ ಮಣ್ಣಿನ ಮುದ್ದೆ ಕಂಡರೆ ಕೆರೆದು ನೋಡಬೇಡಿ. ಅದರೊಳಗೆ ಮೊಟ್ಟೆಗಳಿರಬಹುದು.