ಕ್ಷೌರದ ಕತ್ತಿ ಮತ್ತು ಮಸೆಗಲ್ಲು

'ಕ್ಷುರ' ಎಂಬುದು ಋಗ್ವೇದದಷ್ಟು ಹಳೆಯ ಪದ. ಗ್ರೀಕ್ ಭಾಷೆಯ 'ಕ್ಸುರೋನ್' ಅದರ ಸೋದರ ಪದವೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ನಮ್ಮ ಕ್ಷೌರ, ಕ್ಷೌರಿಕ ಎಂಬ ಮಾತುಗಳು ಅದರಿಂದಲೇ ಬಂದವು. ಕಠೋಪನಿಷತ್ತು ಆತ್ಮಜ್ಞಾನದ ದಾರಿಯನ್ನು ಕ್ಷುರದ ಅಲಗಿಗೆ ಹೋಲಿಸಿದೆ. ಆ ಹೋಲಿಕೆಯನ್ನು ವ್ಯಾಖ್ಯಾನಿಸಿದ ಪಂಡಿತರು ಅನೇಕರು. ಆದರೆ ಆ ಅಲಗನ್ನು ಹರಿತಗೊಳಿಸಿದ ಕೈ ಯಾರದು, ಹೇಗೆ ಹರಿತಗೊಳಿಸಿತು ಎಂದು ಬರೆದಿಟ್ಟವರು ಅಪರೂಪ. ಕೋಲಾರ ಸೀಮೆಯಲ್ಲಿ ನಾನು ಕಂಡುದನ್ನೂ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಉಕ್ಕಿನ ಮಾತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಮೂಸೆಯ ಉಕ್ಕು ಲಂಡನ್ನಿಗೆ ಹೋಗಿ 'ವೂಟ್ಜ್' ಎಂಬ ಹೆಸರು ಪಡೆಯಿತು. ಅದು ಕನ್ನಡದ 'ಉಕ್ಕು' ಪದದ ಅಪಭ್ರಂಶವೆಂಬುದು ಬಹುಮಾನ್ಯ ಅಭಿಪ್ರಾಯ. ಜೇಮ್ಸ್ ಸ್ಟೋಡರ್ಟ್ ಎಂಬ ಲಂಡನ್ನಿನ ಕತ್ತಿ ತಯಾರಕನು ಹರಿತವಾದ ಅಲಗಿಗೆ ಈ ಉಕ್ಕನ್ನು ಬಹಳ ಮೆಚ್ಚಿದ್ದನು. ವಿಜ್ಞಾನಿ ಮೈಕೆಲ್ ಫ್ಯಾರಡೆಯು 1819ರ ಸುಮಾರಿಗೆ ಅವನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ನಡೆಸಿದನು. ಆ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟನೆಂದು ಹೇಳುತ್ತಾರೆ. ಕಾಲಚಕ್ರ ತಿರುಗಿ, ಮುಂದೆ ಇಂಗ್ಲೆಂಡಿನ ಷೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಪಟ್ಟಣಗಳ ಕತ್ತಿಗಳೇ ಉಕ್ಕಿನ ತವರಿಗೆ ಮಾರಾಟಕ್ಕೆ ಬಂದವು.

ಎಪ್ಪತ್ತರ ದಶಕದಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಶಾಲೆಯ ಎದುರಿನ ಹೊಂಗೆಯ ಮರದ ಕೆಳಗೆ ವೃದ್ಧ ಕ್ಷೌರಿಕರೊಬ್ಬರು ಕುಳಿತುಕೊಳ್ಳುತ್ತಿದ್ದರು. ಊರಿನ ಮಕ್ಕಳಿಗೆಲ್ಲ ಅವರು ತಾತ. ಅವರ ಹಡಪದಲ್ಲಿ ಎರಡು ಕತ್ತಿ, ಕತ್ತರಿ, ಹಿತ್ತಾಳೆಯ ಬಟ್ಟಲು, ತೊಗಲಿನ ಪಟ್ಟಿ, ಮತ್ತು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಗೇಣು ಉದ್ದದ ನುಣುಪಾದ ಮಸೆಗಲ್ಲು ಇರುತ್ತಿದ್ದವು. ಸಾಣೆಯ ಚಕ್ರ ಹೊತ್ತು ಊರೂರು ಸುತ್ತುವವರು ಬಂದರೆ ಅವರಿಗೆ ಕತ್ತರಿ ಕೊಡುವರೇ ಹೊರತು ಕ್ಷೌರದ ಕತ್ತಿಯನ್ನು ಮುಟ್ಟಗೊಡುತ್ತಿರಲಿಲ್ಲ. ಚಕ್ರದ ವೇಗಕ್ಕೆ ತೆಳುವಾದ ಅಲಗು ಕಾದರೆ ಉಕ್ಕಿನ ಹದ ಕೆಡುತ್ತದೆ. ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವೇ? ಮುಳಬಾಗಿಲಿನ ಸುತ್ತ ಎತ್ತ ನೋಡಿದರೂ ಬಂಡೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳ ಉಳಿಯ ಸದ್ದು ಇಂದಿಗೂ ಕೇಳುತ್ತದೆ. ಆದರೂ ಕ್ಷೌರದ ಕತ್ತಿಗೆ ನಮ್ಮ ಬೆಟ್ಟದ ಕಲ್ಲು ಒದಗದು. ಗ್ರಾನೈಟಿನಲ್ಲಿ ಹರಳುಗಳು ದಪ್ಪ. ಒಂದು ಗಟ್ಟಿ, ಇನ್ನೊಂದು ಮೆದು. ಕುಡುಗೋಲಿಗೆ ಅದು ಸಾಕು. ಮುಖದ ಮೇಲೆ ಆಡುವ ಅಲಗಿಗೆ ಕಣವೇ ಕಾಣದಷ್ಟು ಸಣ್ಣ, ಸಮವಾದ ಕಲ್ಲು ಬೇಕು. ಬೆಲ್ಜಿಯಂ ದೇಶದ ಆರ್ಡೆನ್ ಬೆಟ್ಟಗಳ ಹಳದಿ ಕಲ್ಲು ಇದಕ್ಕೆ ಜಗತ್ಪ್ರಸಿದ್ಧ. ಅದರಲ್ಲಿ ಅತಿ ಸೂಕ್ಷ್ಮವಾದ ಗಾರ್ನೆಟ್ ಹರಳುಗಳು ಅಡಗಿವೆ. ಅಮೆರಿಕದ ಅರ್ಕನ್ಸಾದ ಕಲ್ಲಿಗೆ 'ನೊವಾಕ್ಯುಲೈಟ್' ಎಂಬ ಹೆಸರೇ ಲ್ಯಾಟಿನ್ನಿನ 'ಕ್ಷೌರದ ಕತ್ತಿ' ಎಂಬ ಪದದಿಂದ ಬಂದಿದೆ. ನಮ್ಮ ತಾತನ ಕಲ್ಲು ಅವರ ತಂದೆಯಿಂದ ಬಂದದ್ದು. ನಮ್ಮ ಗ್ರಾನೈಟಿಗೆ ಅದರ ಮುಂದೆ ಇದ್ದ ಕೆಲಸ ಒಂದೇ: ಮಸೆಗಲ್ಲು ನಡುವೆ ಸವೆದು ತಗ್ಗಾದಾಗ, ಹಾಸುಗಲ್ಲಿನ ಮೇಲೆ ನೀರು ಚಿಮುಕಿಸಿ ಉಜ್ಜಿ ಅದನ್ನು ಮಟ್ಟ ಮಾಡುವುದು.

ಮಸೆಯುವ ಕ್ರಮ ಹೀಗಿತ್ತು. ಕಲ್ಲನ್ನು ನೀರಿನಲ್ಲಿ ತೊಯಿಸಿ, ಕತ್ತಿಯ ಬೆನ್ನು ಮತ್ತು ಅಲಗು ಎರಡೂ ಒಟ್ಟಿಗೆ ತಾಗುವಂತೆ ಮಲಗಿಸಬೇಕು. ಬೆನ್ನಿನ ದಪ್ಪವೇ ಅಲಗಿನ ಕೋನವನ್ನು ಕಾಯುವುದರಿಂದ ಕೈ ಅಂದಾಜು ಮಾಡಬೇಕಾದುದಿಲ್ಲ. ಅಲಗನ್ನು ಮುಂದಿಟ್ಟು, ಕಲ್ಲಿನಿಂದ ತೆಳುವಾದ ಪದರವನ್ನು ಕೆತ್ತುವಂತೆ ಸರಿಸಿ, ತುದಿಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತರಬೇಕು. ಅಲಗಿನ ಮೇಲೆ ಹೊರಳಿಸಿದರೆ ಮಾಡಿದ್ದೆಲ್ಲ ವ್ಯರ್ಥ. "ಒತ್ತಬಾರದು ಮೇಷ್ಟ್ರೇ, ಕತ್ತಿಯ ಭಾರವೇ ಸಾಕು" ಎನ್ನುತ್ತಿದ್ದರು. ಅಲಗು ಸರಿಯಾಗಿ ಕೂಡಿದಾಗ ಅದರ ಮುಂದೆ ನೀರಿನ ಸಣ್ಣ ಅಲೆಯೊಂದು ಉದ್ದಕ್ಕೂ ಸಮನಾಗಿ ಓಡುತ್ತದೆ, ಅದೇ ಗುರುತು. ಬಳಿಕ ತೊಗಲಿನ ಮೇಲೆ ಬೆನ್ನು ಮುಂದಾಗಿ ಎಳೆತ, ಕೊನೆಗೆ ಅಂಗೈಯ ಮೇಲೆ ನಾಲ್ಕು ಸಲ. ಮುಂಗೈಯ ರೋಮ ಮುಟ್ಟಿದೊಡನೆ ಉದುರಿದರೆ ಕತ್ತಿ ಸಿದ್ಧ. ಅಲಗು ಮುಕ್ಕಾಗಿದ್ದರೆ ಮಾತ್ರ ಈ ನುಣುಪು ಕಲ್ಲು ಸಾಲದು. ಮೊದಲು ಒರಟು ಕಲ್ಲು ಬೇಕು.

ಮೃದುವಾದ ಕೂದಲು ಗಟ್ಟಿ ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ ಎಂದು ತರಗತಿಯಲ್ಲಿ ಕೇಳಿದವರುಂಟು. ಅಮೆರಿಕದ ಎಂ.ಐ.ಟಿ. ಸಂಶೋಧಕರು 2020ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಕೂದಲು ಓರೆಯಾಗಿ ಬಾಗಿ ಅಲಗಿಗೆ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಸೂಕ್ಷ್ಮ ಚೂರುಗಳು ಸಿಡಿಯುತ್ತವೆಯಂತೆ. ಪ್ರತಿದಿನವೂ ಮಸೆಯುವ, ಎಳೆಯುವ ಶಿಸ್ತು ಏಕೆ ಬೇಕಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ನುಣುಪಾದ ಕೌಶಲಕ್ಕೆ ಊರು ಕೊಟ್ಟ ಬೆಲೆ ಏನು? ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರಲ್ಲಿ ಕ್ಷೌರಿಕರೂ ಒಬ್ಬರು. ಕೂಲಿ ಹಣವಲ್ಲ, ಸುಗ್ಗಿಯಲ್ಲಿ ಕಣದ ಬಳಿ ನಿಂತು ಪಡೆಯುವ ರಾಗಿ. ಮದುವೆಯಲ್ಲಿ ಓಲಗ ಊದುವವರು ಅವರೇ, ಕುರು ಕೊಯ್ಯುವವರೂ ಅವರೇ. ಆದರೂ ಅವರ ಕಸುಬಿನ ಹೆಸರು ಬೈಗುಳವಾಯಿತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ವಚನಕಾರ ಹಡಪದ ಅಪ್ಪಣ್ಣನವರನ್ನು ಈ ಸಮುದಾಯ ತನ್ನ ಹಿರಿಯರೆಂದು ಗೌರವಿಸುತ್ತದೆ. ಸವಿತಾ ಸಮಾಜವೆಂಬ ಹೆಸರೂ ಆ ಬೈಗುಳಕ್ಕೆ ಕೊಟ್ಟ ಘನವಾದ ಉತ್ತರವೇ.

ಇನ್ನೊಂದು ಮುಖವನ್ನೂ ಮರೆಮಾಚಬಾರದು. ಆ ಹೊಂಗೆಯ ನೆರಳಿಗೆ ಕೇರಿಯ ಜನರು ಬರುವಂತಿರಲಿಲ್ಲ. ಅವರ ತಲೆ ಮುಟ್ಟಿದರೆ ಊರಿನವರು ಆಯ ನಿಲ್ಲಿಸುವರೆಂಬ ಭಯ ತಾತನಿಗೂ ಇತ್ತು. ಹೀಗೆ ಅವಮಾನಿತನ ಕೈಯಿಂದಲೇ ಮತ್ತೊಬ್ಬನಿಗೆ ಅವಮಾನ ಮಾಡಿಸುವ ಏರ್ಪಾಡು ಅದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಕ್ಷೌರದಂಗಡಿಯನ್ನೂ ಸ್ಪಷ್ಟವಾಗಿ ಹೆಸರಿಸಿ ಈ ನಿಷೇಧವನ್ನು ಅಪರಾಧವೆಂದಿತು. ಎಪ್ಪತ್ತರ ದಶಕದ ದಲಿತ ಚಳವಳಿ ಅದನ್ನು ಹಳ್ಳಿಗಳ ಬಾಗಿಲಿಗೆ ಒಯ್ದಿತು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತು ಕ್ಷೌರ ಮಾಡಿಸಿಕೊಂಡದ್ದು ಕೋಲಾರ ಪಟ್ಟಣದ ಅಂಗಡಿಗಳಲ್ಲಿ. ಅಲ್ಲಿ ಕಾಸು ಕೊಟ್ಟವರ ಊರು ಕೇರಿ ಯಾರಿಗೂ ತಿಳಿಯುತ್ತಿರಲಿಲ್ಲ.

ಜಿಲೆಟ್ ಎಂಬುವನು 1904ರಲ್ಲಿ ಹಕ್ಕುಪತ್ರ ಪಡೆದ ಬಿಸಾಡುವ ಬ್ಲೇಡು ಮನೆಮನೆಗೂ ಬಂದ ಮೇಲೂ ಅಂಗಡಿಗಳಲ್ಲಿ ಹಳೆಯ ಕತ್ತಿಯೇ ಉಳಿದಿತ್ತು. 1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಎಚ್.ಐ.ವಿ. ಪ್ರಕರಣಗಳು ಪತ್ತೆಯಾದ ನಂತರ, ಒಬ್ಬರಿಗೆ ಬಳಸಿದ ಅಲಗನ್ನು ಇನ್ನೊಬ್ಬರಿಗೆ ಬಳಸುವುದರ ಭಯ ಹರಡಿತು. ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಹಿಡಿಗಳು ಬಂದವು; ಮಸೆಗಲ್ಲುಗಳು ಮೂಲೆ ಸೇರಿದವು.

ಇದನ್ನು ಕೇವಲ ನಷ್ಟವೆಂದು ನಾನು ಹೇಳಲಾರೆ. ತಲೆಗೊಂದು ಹೊಸ ಅಲಗು ಬಂದದ್ದು ಆರೋಗ್ಯಕ್ಕೆ ಒಳ್ಳೆಯದು. ಕಲ್ಲಿನ ಕೌಶಲ ಉಳಿಯಲೆಂದು ಆಯದ ಕಾಲ ಮರಳಲೆಂದು ಯಾರೂ ಬಯಸಬಾರದು. ಆದರೆ ಕೌಶಲದ ನೆನಪು ಮಾತ್ರ ಉಳಿಯಲೇಬೇಕು. ಈ ಕಸುಬಿನ ಮನೆಗಳಿಂದ ಬಂದು ಇಂದು ಬೇರೆ ಬೇರೆ ಉದ್ಯೋಗಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಅಜ್ಜನ ಹಡಪ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ. ನಡುವೆ ಸವೆದ ಆ ಕಲ್ಲು ನಿಮ್ಮ ಮನೆತನದ ವಿದ್ಯೆಯ ದಾಖಲೆ. ಅದನ್ನು ಮಕ್ಕಳಿಗೆ ತೋರಿಸಿ, ಹೇಗೆ ಬಳಸುತ್ತಿದ್ದರೆಂದು ಹೇಳಿ, ಸಂಕೋಚವಿಲ್ಲದೆ ಹೇಳಿ.