ಸುಗಮ್ಯ ಮಕ್ಕಳ ಪುಸ್ತಕ

ಸುಗಮ್ಯ ಮಕ್ಕಳ ಪುಸ್ತಕವೆಂದರೆ ದೃಷ್ಟಿ, ಶ್ರವಣ, ಚಲನೆ ಅಥವಾ ಕಲಿಕೆಯ ತೊಡಕುಳ್ಳ ಮಕ್ಕಳೂ ಉಳಿದ ಮಕ್ಕಳೊಡನೆ ಕುಳಿತು ಓದಬಲ್ಲಂತೆ ರೂಪಿಸಿದ ಪುಸ್ತಕ. ಸಮನ್ವಯ ಶಿಕ್ಷಣದ ತರಗತಿಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಅಂಧ ಮಗುವಿಗೆ ಬ್ರೈಲ್ ಪುಸ್ತಕವನ್ನೂ ಇತರರಿಗೆ ಚಿತ್ರಪುಸ್ತಕವನ್ನೂ ಪ್ರತ್ಯೇಕವಾಗಿ ಕೊಟ್ಟರೆ, ಕಥೆ ಒಂದೇ ಆದರೂ ಚಿತ್ರದ ಕುರಿತ ಮಾತುಕತೆಯಿಂದ ಆ ಮಗು ಹೊರಗುಳಿಯುತ್ತದೆ. ಆದುದರಿಂದ ಮುದ್ರಿತ ಅಕ್ಷರ, ಬ್ರೈಲ್ ಹಾಗೂ ಮುಟ್ಟಿ ತಿಳಿಯಬಹುದಾದ ಚಿತ್ರಗಳನ್ನು ಒಂದೇ ಪುಟದಲ್ಲಿ ಒದಗಿಸುವ ಕ್ರಮವು ರೂಢಿಗೆ ಬಂದಿದೆ.

ಹಿನ್ನೆಲೆ

ಫ್ರಾನ್ಸ್‌ನ ಲೂಯಿ ಬ್ರೈಲ್ (1809–1852) ಆರು ಚುಕ್ಕೆಗಳ ತನ್ನ ಲಿಪಿಯನ್ನು 1829ರಲ್ಲಿ ಪ್ರಕಟಿಸಿದನು. ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಕನ್ನಡ ಬ್ರೈಲ್ ಅದರ ಭಾಗವಾಗಿದೆ. ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಪ್ರಕಟವಾದ ಪುಸ್ತಕಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಉತ್ತಮವಾದವನ್ನು ಆಯ್ದು ಪಟ್ಟಿಮಾಡುವ ಕಾರ್ಯವನ್ನು ಐಬಿಬಿವೈ ಸಂಸ್ಥೆಯು ನಡೆಸುತ್ತಿದೆ.

ಸ್ಪರ್ಶ ಚಿತ್ರಗಳು

ಕಣ್ಣಿಗಾಗಿ ಬರೆದ ಚಿತ್ರದ ಗೆರೆಗಳನ್ನು ಉಬ್ಬಿಸಿದ ಮಾತ್ರಕ್ಕೆ ಅದು ಬೆರಳಿಗೆ ಅರ್ಥವಾಗುವುದಿಲ್ಲ. ಕಣ್ಣು ಇಡೀ ಚಿತ್ರವನ್ನು ಒಮ್ಮೆಗೇ ಗ್ರಹಿಸುತ್ತದೆ; ಬೆರಳು ತುಣುಕು ತುಣುಕಾಗಿ ತಿಳಿದು ಜೋಡಿಸಿಕೊಳ್ಳುತ್ತದೆ. ಪಕ್ಕದಿಂದ ಕಂಡ ಹಸುವಿಗೆ ಎರಡೇ ಕಾಲು ಬರೆದರೆ, ನಿಜವಾದ ಹಸುವನ್ನು ತಡವಿ ಬಲ್ಲ ಅಂಧ ಮಗುವಿಗೆ ಗೊಂದಲವಾಗುತ್ತದೆ. ಹೀಗಾಗಿ ವಿನ್ಯಾಸಕಾರರು ಈ ಅಂಶಗಳನ್ನು ಗಮನಿಸುತ್ತಾರೆ:

- ಒಂದು ಪುಟದಲ್ಲಿ ಕೆಲವೇ ವಸ್ತುಗಳಿರಬೇಕು. ಒಂದರ ಮೇಲೊಂದು ಬರಬಾರದು.
- ದೂರ-ಸಮೀಪಗಳನ್ನು ತೋರಿಸಲು ವಸ್ತುವಿನ ಗಾತ್ರವನ್ನು ಬದಲಿಸಬಾರದು.
- ಒಂದು ಪಾತ್ರಕ್ಕೆ ಬಳಸಿದ ಬಟ್ಟೆ ಅಥವಾ ಕಾಗದವೇ ಕೊನೆಯ ಪುಟದವರೆಗೂ ಇರಬೇಕು.
- ಅಲ್ಪದೃಷ್ಟಿಯ ಮಕ್ಕಳಿಗಾಗಿ ಬಣ್ಣಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿರಬೇಕು.

ಬಟ್ಟೆ, ದಾರ, ಮರಳುಕಾಗದಗಳನ್ನು ಅಂಟಿಸಿ, ಶಾಖದಿಂದ ಉಬ್ಬುವ ವಿಶೇಷ ಕಾಗದ ಬಳಸಿ, ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿಗೆ ಎಳೆದು ಇಂತಹ ಚಿತ್ರಗಳನ್ನು ತಯಾರಿಸುತ್ತಾರೆ.

ಕನ್ನಡ ಲಿಪಿಗೆ ಸಂಬಂಧಿಸಿದ ಅಂಶಗಳು

ಕನ್ನಡದಲ್ಲಿ ದ-ಧ, ಡ-ಢ, ಬ-ಭ ಮುಂತಾದ ಜೋಡಿಗಳ ನಡುವಣ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಪ, ಷ, ವ, ಮ ಅಕ್ಷರಗಳೂ ಆಕಾರದಲ್ಲಿ ಹತ್ತಿರ. ಅಕ್ಷರ ಚಿಕ್ಕದಾದರೆ ಅಲ್ಪದೃಷ್ಟಿಯ ಮಗುವಿಗೆ ಈ ಭೇದಗಳು ಕಾಣದೆ ಹೋಗುತ್ತವೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕಾಗುತ್ತದೆ. ಬ್ರೈಲ್‌ನಲ್ಲಾದರೋ ಗುಣಿತ, ಒತ್ತಕ್ಷರಗಳೆಲ್ಲವೂ ಒಂದೇ ಸಾಲಿನಲ್ಲಿ ಒಂದರ ನಂತರ ಒಂದಾಗಿ ಬರುತ್ತವೆ. ಅದೇ ವಾಕ್ಯಕ್ಕೆ ಮುದ್ರಣಕ್ಕಿಂತ ಹೆಚ್ಚು ಸ್ಥಳ ಬೇಕು. ಆದ್ದರಿಂದ ವಾಕ್ಯಗಳು ಚಿಕ್ಕದಾಗಿರುವುದು ಅನುಕೂಲ.

ಇತರ ಅಗತ್ಯಗಳು

ಕೈಗಳ ಚಲನೆ ಕಷ್ಟವಾದವರಿಗೆ ದಪ್ಪ ಪುಟಗಳೂ, ಬಿಚ್ಚಿದಾಗ ಸಪಾಟಾಗಿ ಕೂರುವ ಸುರುಳಿ ಹೊಲಿಗೆಯೂ ಉಪಯುಕ್ತ. ಕಿವುಡ ಮಕ್ಕಳಿಗೆ ಸಂಜ್ಞಾ ಭಾಷೆಯ ದೃಶ್ಯರೂಪವನ್ನು ಜೊತೆಗೆ ನೀಡಬಹುದು. ಓದುವ ತೊಡಕುಳ್ಳವರಿಗೆ ಪಠ್ಯ ಮತ್ತು ಧ್ವನಿ ಒಟ್ಟಿಗೆ ಸಾಗುವ ಡೈಸಿ ಮಾದರಿಯ ಪುಸ್ತಕಗಳಿವೆ.

ಕಾನೂನು ಮತ್ತು ಭಾರತದಲ್ಲಿನ ಪ್ರಯತ್ನಗಳು

2012ರ ತಿದ್ದುಪಡಿಯ ಮೂಲಕ ಭಾರತದ ಕೃತಿಸ್ವಾಮ್ಯ ಕಾಯ್ದೆಯು ಅಂಗವಿಕಲರಿಗಾಗಿ ಕೃತಿಗಳನ್ನು ಸುಗಮ್ಯ ರೂಪಕ್ಕೆ ತರಲು ಅವಕಾಶ ನೀಡಿತು. 2013ರ ಮರ್ರಾಕೇಶ್ ಒಪ್ಪಂದವನ್ನು ಮೊದಲು ಸ್ಥಿರೀಕರಿಸಿದ ದೇಶ ಭಾರತ (2014). ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ನಿಗದಿತ ಪ್ರಮಾಣದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ ಹಾಗೂ ಕಲಿಕಾ ಸಾಮಗ್ರಿಗಳನ್ನು ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲ ಗ್ರಂಥಾಲಯ 2016ರಲ್ಲಿ ಆರಂಭವಾಯಿತು. ಎನ್‌ಸಿಇಆರ್‌ಟಿಯು ತನ್ನ ‘ಬರಖಾ’ ಹಿಂದಿ ಕಥಾಮಾಲೆಯನ್ನು ಎಲ್ಲ ಮಕ್ಕಳಿಗೂ ಹೊಂದುವಂತೆ, ಬ್ರೈಲ್ ಮತ್ತು ಸ್ಪರ್ಶ ಚಿತ್ರಗಳೊಡನೆ ಮರುರೂಪಿಸಿದೆ.

ಮಿತಿಗಳು

ಕೈಯಿಂದ ಅಂಟಿಸುವ ಕೆಲಸ ನಿಧಾನವಾದುದರಿಂದ ಪ್ರತಿಗಳ ಸಂಖ್ಯೆ ಕಡಿಮೆ, ಬೆಲೆ ಹೆಚ್ಚು. ಪುಸ್ತಕಗಳನ್ನು ಒತ್ತಾಗಿ ಜೋಡಿಸಿಟ್ಟರೆ ಚುಕ್ಕೆಗಳು ತಗ್ಗುತ್ತವೆ. ಅಲ್ಲದೆ ಸ್ಪರ್ಶ ಚಿತ್ರವನ್ನು ಓದುವುದು ಅಭ್ಯಾಸದಿಂದ ಬರುವ ಕೌಶಲ. ಶಿಕ್ಷಕರು ಅಥವಾ ಪಾಲಕರು ಮಗುವಿನ ಕೈಹಿಡಿದು ಆರಂಭಿಸದಿದ್ದರೆ ಉತ್ತಮ ಪುಸ್ತಕವೂ ಕಪಾಟಿನಲ್ಲೇ ಉಳಿಯುತ್ತದೆ.