ಒಲೆಯ ಝಳವಲ್ಲ

ಅಫಜಲಪುರದ ನಮ್ಮ ಚಿಗವ್ವ ರೊಟ್ಟಿ ಬಡಿಯಲು ಕುಳಿತರೆ ಮುಖ, ಕುತ್ತಿಗೆ ಒಮ್ಮೆಲೇ ಕೆಂಪೇರುತ್ತಿದ್ದವು. ಮೊದಲು ಒಲೆಯ ಝಳ ಎಂದರು. ಒಲೆ ಹತ್ತದ ಹೊತ್ತಿನಲ್ಲೂ ಹಾಗೇ ಆದಾಗ, ‘ಮುಟ್ಟು ನಿಲ್ಲೋ ವಯಸ್ಸು, ಹಂಗೇ ಆಗತದ’ ಎಂದರು. ಆದರೆ ಆಕೆಗೆ ಬೆವರು ಬರುತ್ತಿರಲಿಲ್ಲ. ದಿನಕ್ಕೆ ಏಳೆಂಟು ಸಲ ಭೇದಿಯಾಗುವುದನ್ನು ಆಕೆ ಯಾರ ಮುಂದೂ ಆಡಲಿಲ್ಲ. ಹೆಣ್ಣುಮಕ್ಕಳು ಆಡುವ ಮಾತೇ ಅದು? ಮೂರು ವರ್ಷ ಹೀಗೇ ಕಳೆದವು.

ಆಮೇಲೆ ಅಂಗೈ ಹಿಂದೆ, ಕುತ್ತಿಗೆಯ ಸುತ್ತ ಚರ್ಮ ಕಪ್ಪಾಗಿ ಸುಲಿಯತೊಡಗಿತು. ಹೈದರಾಬಾದಿನ ಹಿರಿಯ ಡಾಕ್ಟರೊಬ್ಬರು ನೋಡಿದೊಡನೆ ‘ಪೆಲಾಗ್ರ’ ಎಂದರು. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಜೋಳದ ಸೀಮೆ. ಬರೀ ಜೋಳದ ಮೇಲೆ ಬದುಕುವ ದಖ್ಖನದ ಬಡವರಲ್ಲಿ ಈ ರೋಗ ಇತ್ತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬೇಕೆಂದು 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಗೋಪಾಲನ್ ಮತ್ತು ಶ್ರೀಕಂಠಯ್ಯ ಬರೆದರು. ಆ ವಾದ ಮುಂದೆ ಬಹಳ ಕಾಲ ನಡೆಯಿತು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಪೆಲಾಗ್ರ ಎಂಬುದರಲ್ಲಿ ಮಾತ್ರ ಜಗಳವಿಲ್ಲ.

‘ಏನು ಉಣ್ತೀರಿ, ತಾಯಿ?’ ಎಂದರು ಡಾಕ್ಟರು. ‘ರೊಟ್ಟಿ, ತೊಗರಿಬ್ಯಾಳಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ, ಮಸರು’ ಎಂದಳು ಚಿಗವ್ವ. ಡಾಕ್ಟರು ಪೆನ್ನು ಕೆಳಗಿಟ್ಟರು. ಹೀಗೆ ಉಣ್ಣುವ ಮನೆಗೆ ಪೆಲಾಗ್ರ ಹೇಗೆ ಬಂತು? ಆಗಲೇ ಅವರು ಹೊಟ್ಟೆಯ ವಿಷಯ ಕೇಳಿದ್ದು.

ಕಳ್ಳ ಒಳಗೇ ಇದ್ದ. ಊಟದ ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಂಶವಿದೆ. ದೇಹ ಅದರಿಂದ ನಯಾಸಿನ್ ಮಾಡಿಕೊಳ್ಳುತ್ತದೆ, ನೂರಕ್ಕೆ ಒಂದು ಪಾಲನ್ನಷ್ಟೇ ಸೆರೊಟೋನಿನ್ ಮಾಡುತ್ತದೆ. ಕರುಳಿನಲ್ಲಿ ಹುಟ್ಟುವ ಕಾರ್ಸಿನಾಯ್ಡ್ ಗಡ್ಡೆ ಅರವತ್ತು ಪಾಲಿನವರೆಗೂ ಕಸಿದು ಸೆರೊಟೋನಿನ್ ಸುರಿಸಬಲ್ಲದು. ಭೇದಿ ಅದರಿಂದ. ಮುಖ ಕೆಂಪಾಗಲು ಗಡ್ಡೆಯ ಬೇರೆ ರಸಗಳೂ ಸೇರುತ್ತವೆ. ಗಡ್ಡೆ ಕರುಳಿನಲ್ಲಷ್ಟೇ ಇರುವತನಕ ಪಿತ್ತಜನಕಾಂಗ ಆ ರಸವನ್ನು ಕರಗಿಸುತ್ತದೆ. ಅಲ್ಲಿಗೂ ಹಬ್ಬಿದರೆ ತಡೆಯುವವರಿಲ್ಲ.

ಈ ಗಡ್ಡೆಗೆ 1907ರಲ್ಲಿ ಹೆಸರಿಟ್ಟವನು ಜರ್ಮನಿಯ ಓಬರ್ನ್‌ಡಾರ್ಫರ್. ಹೆಸರಿನ ಅರ್ಥ ‘ಕ್ಯಾನ್ಸರಿನಂಥದು’. ನಿರಪಾಯ ಎಂದು ನಂಬಿದ್ದ, 1929ರಲ್ಲಿ ತಾನೇ ತಿದ್ದಿಕೊಂಡ. ಇಟಲಿಯ ಎರ್ಸ್ಪಾಮರ್ 1930ರ ದಶಕದಲ್ಲಿ ಕರುಳಿನಿಂದ ಒಂದು ರಸ ತೆಗೆದ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಪೋರ್ಟ್, ಆರ್ಡಾ ಗ್ರೀನ್, ಪೇಜ್ ದನದ ರಕ್ತದಿಂದ ಇನ್ನೊಂದು ತೆಗೆದು ಸೆರೊಟೋನಿನ್ ಎಂದರು. ಎರಡೂ ಒಂದೇ ಎಂದು 1952ರಲ್ಲಿ ತಿಳಿಯಿತು. ಮರುವರ್ಷ ಲೆಂಬೆಕ್ ಅದನ್ನು ಕಾರ್ಸಿನಾಯ್ಡಿನಲ್ಲೇ ಕಂಡ. ಅದೇ ಸುಮಾರಿಗೆ ಮಿದುಳಿನಲ್ಲೂ ಅದು ಇದೆಯೆಂದು ತೋರಿಸಿದವಳು ಬೆಟ್ಟಿ ಟ್ವಾರೋಗ್. ಆರ್ಡಾ, ಬೆಟ್ಟಿ ಇಬ್ಬರೂ ಹೆಂಗಸರೆಂದು ತಿಳಿದಾಗ ನನಗೆ ಯಾಕೋ ಖುಷಿಯಾಯಿತು.

ಪರೀಕ್ಷೆಗೆ ಇಪ್ಪತ್ತನಾಲ್ಕು ತಾಸಿನ ಮೂತ್ರ ಕೂಡಿಡಬೇಕು. ಅದಕ್ಕೆ ಮುಂಚೆ ಮೂರು ದಿನ ಬಾಳೆಹಣ್ಣು, ಟೊಮೆಟೊ, ಬದನೆಕಾಯಿ ಮುಟ್ಟಬಾರದು. ಅವುಗಳಲ್ಲೇ ಸೆರೊಟೋನಿನ್ ಇರುವುದರಿಂದ ಲೆಕ್ಕ ತಪ್ಪುತ್ತದೆ. ‘ಬದನಿಕಾಯಿ ಬಿಟ್ಟು ರೊಟ್ಟಿ ಹ್ಯಾಂಗ ಉಣ್ಣಲಿ?’ ಎಂದು ಚಿಗವ್ವ ರೇಗಿದಳು. ರೋಗಕ್ಕಿಂತ ಅದೇ ದೊಡ್ಡ ಸಂಕಟವೆಂಬಂತೆ!

ಗಡ್ಡೆ ಪಿತ್ತಜನಕಾಂಗಕ್ಕೆ ಹಬ್ಬಿತ್ತು. ನಯಾಸಿನ್ ಗುಳಿಗೆಯಿಂದ ಚರ್ಮ ಕೆಲವೇ ವಾರಗಳಲ್ಲಿ ತಿಳಿಯಾಯಿತು, ಆಕ್ಟ್ರಿಯೊಟೈಡ್ ಇಂಜೆಕ್ಷನ್ನಿನಿಂದ ಭೇದಿ ತಗ್ಗಿತು. ಗಡ್ಡೆ ಹೋಗಲಿಲ್ಲ. ಆಕೆ ಮತ್ತೆ ನಾಲ್ಕು ವರ್ಷ ಬದುಕಿದಳು. ಆ ವರ್ಷಗಳಲ್ಲಿ ಯಾವ ಮದುವೆಮನೆಯಲ್ಲಿ ಯಾರು ಮೈ ಬಿಸಿಯಾಗುತ್ತದೆಂದರೂ ಪಕ್ಕಕ್ಕೆ ಕರೆದು, ದನಿ ತಗ್ಗಿಸದೆ ಕೇಳುತ್ತಿದ್ದಳು: ‘ಬೆವರು ಬರತದೇನವ್ವಾ? ಹೊಟ್ಟಿ ಹ್ಯಾಂಗದ?’